ಹಳೇ ಕಾರಿಗೆ ಬೇರೆ ಸೀಟು: ಬ್ರಾಕೆಟ್ ಮಾಡಿಸುವ ಮುನ್ನ ನೆಲ ನೋಡಿ

ಹಳೇ ಮಾರುತಿ 800 ಓಡಿಸುವವರಿಗೆ ಸೊಂಟ ನೋವು ಹೊಸದಲ್ಲ. ಸೀಟಿನ ಸ್ಪಂಜು ಕುಗ್ಗಿರುತ್ತದೆ, ಸೀಟು ಹಿಂದೆ ಮುಂದೆ ಜಾರುವ ಹಳಿ, ಅಂದರೆ ಸ್ಲೈಡರ್ ಸವೆದಿರುತ್ತದೆ. ಗುಜರಿಯಲ್ಲಿ ಹೊಸ ಕಾರಿನ ಸೀಟು ಸಿಗುತ್ತದೆ. ತಂದರೆ ಅದರ ತೂತಿಗೂ ನಮ್ಮ ಕಾರಿನ ತೂತಿಗೂ ತಾಳೆಯೇ ಆಗುವುದಿಲ್ಲ! ನಡುವೆ ಎರಡನ್ನೂ ಜೋಡಿಸುವ ಕಬ್ಬಿಣದ ಆಧಾರ, ಅಂದರೆ ಬ್ರಾಕೆಟ್ ಬೇಕು. ಅದನ್ನು ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ. ಆದರೆ ಡಿಕ್ಕಿಯಾದಾಗ ಅದು ನಿಲ್ಲಬೇಕಲ್ವಾ?

ಮೊದಲು ಬೆಲ್ಟಿನ ಬಕಲ್ ಎಲ್ಲಿದೆ ನೋಡಿ. ಹಲವು ಹೊಸ ಸೀಟುಗಳಲ್ಲಿ ಅದು ಸೀಟಿಗೇ ಅಂಟಿಕೊಂಡಿರುತ್ತದೆ. ಹಾಗಿದ್ದರೆ ಅಪಘಾತದಲ್ಲಿ ಕೂತವರ ಭಾರವೂ ನಿಮ್ಮ ಬ್ರಾಕೆಟ್ಟಿನ ಮೇಲೇ ಬೀಳುತ್ತದೆ. ಕಾರುಗಳ ಬೆಲ್ಟ್ ಆಧಾರಗಳನ್ನು ಪರೀಕ್ಷಿಸುವ ವಿಶ್ವಸಂಸ್ಥೆಯ ನಿಯಮದಲ್ಲಿ ಎದೆಯ ಪಟ್ಟಿಗೂ ಸೊಂಟದ ಪಟ್ಟಿಗೂ ತಲಾ ಸುಮಾರು 1,350 ಕೆ.ಜಿ. ಭಾರದಷ್ಟು ಎಳೆತ ಕೊಡುತ್ತಾರೆ. ಬೀದಿ ಬದಿಯ ವೆಲ್ಡಿಂಗನ್ನು ಅದಕ್ಕೆ ಒಡ್ಡುವುದು ಬೇಡ. ಬಕಲ್ ಕಾರಿನ ಮೂಲ ಜಾಗದಲ್ಲೇ, ಮೂಲ ಬೋಲ್ಟಿನಲ್ಲೇ ಇರಲಿ. ಅದು ಸಾಧ್ಯವಾಗದಿದ್ದರೆ ಆ ಸೀಟನ್ನೇ ಬಿಡಿ. ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಸೀಟೂ ಬೇಡ.

ಈಗ ಕಾರ್ಪೆಟ್ ಎತ್ತಿ. ತುಕ್ಕು ಕಂಡಲ್ಲಿ ಸ್ಕ್ರೂ ಡ್ರೈವರ್‌ನಿಂದ ಒತ್ತಿ. ತಗಡು ಒಳಗೆ ಹೋದರೆ ಅಥವಾ ಪದರ ಉದುರಿದರೆ ಕೆಲಸ ಅಲ್ಲಿಗೇ ನಿಲ್ಲಲಿ. ಮೊದಲು ಟಿಂಕರಿಂಗ್ (ತಗಡಿನ ರಿಪೇರಿ), ಆಮೇಲೆ ಸೀಟು.

ನೆಲ ಗಟ್ಟಿ ಇದ್ದರೆ ಸೀಟನ್ನು ಮರದ ತುಂಡುಗಳ ಮೇಲಿಟ್ಟು ಕೂತು ನೋಡಿ. ಕ್ಲಚ್ ಪೂರ್ತಿ ಒತ್ತಬೇಕು, ತಲೆ ಛಾವಣಿಗೆ ತಾಗಬಾರದು, ಬೆಲ್ಟು ಭುಜದ ಮೇಲೆ ಸರಿಯಾಗಿ ಹಾಯಬೇಕು. ಸೀಟು ಎಷ್ಟು ಎತ್ತರವೋ ಬ್ರಾಕೆಟ್ ಬಾಗುವ ಅಪಾಯವೂ ಅಷ್ಟೇ ಜಾಸ್ತಿ. ಆದಷ್ಟು ತಗ್ಗಾಗಿರಲಿ. ಎರಡೂ ಸ್ಲೈಡರ್ ಸಮಾನಾಂತರವಾಗಿರಬೇಕು. ಓರೆಯಾದರೆ ಸೀಟು ಸಿಕ್ಕಿಕೊಳ್ಳುತ್ತದೆ, ಒಂದು ಬದಿಯ ಲಾಕ್ ಬೀಳದೇ ಹೋಗಬಹುದು.

ಬ್ರಾಕೆಟ್‌ಗೆ 5 ಅಥವಾ 6 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್ ಇಲ್ಲವೇ ‘ಎಲ್’ ಆಕಾರದ ಆಂಗಲ್ ಬಳಸಿ. ಗೇಟಿಗೆ ಹಾಕುವ ತೆಳು ಬಾಕ್ಸ್ ಪೈಪ್ ಬೇಡವೇ ಬೇಡ. ತೂತನ್ನು ಗ್ಯಾಸ್‌ನಲ್ಲಿ ಸುಡಿಸಬೇಡಿ, ಡ್ರಿಲ್ ಮಾಡಿಸಿ. ಬೋಲ್ಟ್ ಅಲ್ಲಾಡದಷ್ಟೇ ಅಗಲವಿರಲಿ. ಬ್ರಾಕೆಟ್ಟನ್ನು ನೆಲಕ್ಕೆ ವೆಲ್ಡ್ ಮಾಡಲು ಯಾರಾದರೂ ಹೇಳಿದರೆ ಒಪ್ಪಬೇಡಿ, ತೆಳು ತಗಡು ವೆಲ್ಡಿನ ಅಂಚಿನಲ್ಲೇ ಹರಿಯುತ್ತದೆ.

ಸಾಧ್ಯವಾದಷ್ಟೂ ಕಾರಿನ ಮೂಲ ತೂತುಗಳನ್ನೇ ಬಳಸಿ. ಹೊಸ ತೂತು ಬೇಕೇ ಬೇಕಾದರೆ ಕಾರಿನಡಿ ಹೋಗಿ ನೋಡಿ; ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಅಲ್ಲೇ ಹಾದಿರುತ್ತವೆ. ಪ್ರತಿ ಹೊಸ ತೂತಿಗೂ ನೆಲದ ಕೆಳಗಿನಿಂದ ಅಂಗೈ ಅಗಲದ, 3 ಮಿ.ಮೀ. ದಪ್ಪದ ಪ್ಲೇಟ್ ಕೊಡಿ. ಬರೀ ವಾಷರ್ ಹಾಕಿದರೆ ಎಳೆದಾಗ ಅದು ತಗಡನ್ನೇ ಸೀಳಿಕೊಂಡು ಮೇಲೆ ಬರುತ್ತದೆ. ಪ್ಲೇಟಿನ ಮೂಲೆಗಳನ್ನು ದುಂಡಗೆ ಉಜ್ಜಿಸಿ, ಚೂಪಾದ ಮೂಲೆ ನೆಲವನ್ನು ಕತ್ತರಿಸುತ್ತದೆ. ಕೊರೆದ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಿರಿ.

ಬೋಲ್ಟ್ ಕೊಳ್ಳುವಾಗ ತಲೆಯ ಮೇಲಿನ ಅಂಕಿ ಓದಿ. ಅದು ಬೋಲ್ಟಿನ ಬಲದ ದರ್ಜೆ, 8.8 ಎಂದಿರಬೇಕು. ಅಂಕಿಯೇ ಇಲ್ಲದ್ದು ಗೇಟು, ಕಪಾಟಿಗೆ ಸರಿ. ನೈಲಾನ್ ಉಂಗುರದ ಲಾಕ್ ನಟ್ ಹಾಕಿ, ನಟ್ಟಿನಾಚೆ ಬೋಲ್ಟಿನ ಎರಡು ಸುತ್ತು ತಿರುಪಾದರೂ ಕಾಣಲಿ. ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ಪಾನಾದಲ್ಲಿ 10 ಮಿ.ಮೀ. ಬೋಲ್ಟಿಗೆ ಸುಮಾರು 45 ನ್ಯೂಟನ್ ಮೀಟರ್, 8 ಮಿ.ಮೀ.ಗೆ ಸುಮಾರು 25ರಷ್ಟು ಬಿಗಿ ಮಾಡಿ. ಬ್ರಾಕೆಟ್ಟಿನಡಿ ಕಾರ್ಪೆಟ್ ಸಿಕ್ಕಿಕೊಂಡಿರಬಾರದು. ಅದು ಕುಗ್ಗಿದ ಹಾಗೆ ಬೋಲ್ಟ್ ಸಡಿಲವಾಗುತ್ತದೆ.

ಆರ್‌ಸಿಯಲ್ಲಿರುವ ಆಸನ ಸಂಖ್ಯೆ ಬದಲಾಗುವ ಹಾಗಿದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು.

ಬಿಗಿ ಮಾಡಿದ ಮೇಲೆ ಪ್ರತಿ ನಟ್ಟಿನಿಂದ ಪ್ಲೇಟಿಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಕೆಲವು ನೂರು ಕಿ.ಮೀ. ಓಡಿಸಿ ನೋಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತಲೇ ಅರ್ಥ. ಅದನ್ನು ಎಸೆದು ಹೊಸದು ಹಾಕಿ.