ಮೀಟಿಂಗ್‌ನಲ್ಲಿ ಕುಕ್ಕರ್ ಕೂಗಿದ ದಿನ

ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಸಭೆಗಳು ಮೊದಲ ಸಲ ಫೋನಿನ ವಿಡಿಯೋ ಕರೆಗೆ ಬಂದವು.

ಒಂದು ದಿನ ಪಕ್ಕದ ಊರಿನ ಅಕ್ಕ ಒಬ್ಬರು ಮಾತಾಡಲು ಶುರು ಮಾಡಿದರು. ಮನೆಯವರಿಗೆ ಕೆಲಸ ನಿಂತಿದೆ, ಸಾಲದ ಕಂತಿಗೆ ಸ್ವಲ್ಪ ಸಮಯ ಕೊಡಿ ಅಂತ ಕೇಳುತ್ತಿದ್ದರು. ಅದೇ ಹೊತ್ತಿಗೆ ನಮ್ಮನೆ ಕುಕ್ಕರ್ ಕೂಗಿತು. ನನ್ನ ಮೈಕ್ ಆನ್ ಇತ್ತು, ನಾನು ನೋಡಿರಲಿಲ್ಲ. ಮೂರು ಕೂಗು ಮುಗಿಯುವಷ್ಟರಲ್ಲಿ ಅವರು "ಇರ್ಲಿ ಬಿಡಿ" ಅಂದು ಸುಮ್ಮನಾದರು. ಎಷ್ಟು ಧೈರ್ಯ ಮಾಡಿ ಮಾತೆತ್ತಿದ್ದರೋ. ಆಮೇಲೆ ಫೋನ್ ಮಾಡಿ ತಪ್ಪಾಯ್ತು ಅಕ್ಕ ಅಂದೆ. ಆದರೆ ಮುಂದಿನ ಎಷ್ಟೋ ಸಭೆಗಳಲ್ಲಿ ಅವರು ಬಾಯಿ ಬಿಡಲಿಲ್ಲ.

ಅವತ್ತಿಂದ ನನಗೆ ಮುಖಕ್ಕಿಂತ ದನಿ ಮುಖ್ಯ. ಸೇರಿದ ಕೂಡಲೇ ಮೈಕ್ ಗುರುತಿನ ಮೇಲೆ ಅಡ್ಡಗೆರೆ ಇದೆಯಾ ನೋಡುತ್ತೇನೆ. ಇದ್ದರೆ ಮೈಕ್ ಆಫ್ ಅಂತ. ಮಾತಾಡುವಾಗ ಮಾತ್ರ ಆನ್, ಮುಗಿದ ತಕ್ಷಣ ಆಫ್. ಇಲ್ಲದಿದ್ದರೆ ಮನೆಯ ಜಗಳ, ಮಕ್ಕಳ ಅಳು, ಎಮ್ಮೆ ಕೂಗು ಎಲ್ಲವೂ ಸಭೆಗೆ ಬಂದುಬಿಡುತ್ತವೆ. ವೈರ್ ಇರುವ ಇಯರ್‌ಫೋನ್ ಹಾಕಿಕೊಂಡರೆ ಮೈಕ್ ಬಾಯಿಯ ಹತ್ತಿರ ಇರುತ್ತದೆ, ಕಿರುಚಬೇಕಾಗಿಲ್ಲ.

ನಮಗೆ ಜಾಸ್ತಿ ತಲೆನೋವು ಕೊಟ್ಟಿದ್ದು ಇನ್ನೊಂದು. ಮೂರು ಜನ ಒಂದೇ ಜಗಲಿಯಲ್ಲಿ ಕೂತು ಮೂರು ಫೋನಿನಿಂದ ಸೇರುತ್ತಿದ್ದರು. ಒಂದು ಫೋನಿನ ಸ್ಪೀಕರ್ ಸದ್ದನ್ನು ಪಕ್ಕದ ಫೋನಿನ ಮೈಕ್ ಎಳೆದುಕೊಂಡು ಮತ್ತೆ ಸಭೆಗೆ ಕಳಿಸುತ್ತದೆ. ಅದು ಸುತ್ತಿ ಸುತ್ತಿ ಕೀಂಯ್ ಅನ್ನುತ್ತದೆ. ನೆಟ್‌ವರ್ಕ್ ಸರಿಯಿಲ್ಲ ಅಂತ ನಾವು ಎಷ್ಟೋ ದಿನ ಅಂದುಕೊಂಡಿದ್ದೆವು. ಈಗ ಒಂದು ಜಾಗಕ್ಕೆ ಒಂದೇ ಫೋನ್. ಅದನ್ನು ಕೈಯಿಂದ ಕೈಗೆ ಕೊಟ್ಟು, ಮೊದಲು ಹೆಸರು, ಊರು ಹೇಳಿ ಮಾತಾಡುತ್ತಾರೆ.

ಹೆಸರಿನದೂ ಒಂದು ವಿಷಯ ಇದೆ. ಗೂಗಲ್ ಮೀಟ್‌ನಲ್ಲಿ ಆ ಫೋನಿನ ಜಿಮೇಲ್‌ನಲ್ಲಿರುವ ಹೆಸರೇ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಮಗನ ಹೆಸರಿನಲ್ಲಿ ಮಾಡಿರುತ್ತಾರೆ. ಹಾಜರಿ ಬರೆಯುವಾಗ ಅಮ್ಮ ಎಲ್ಲಿ ಅಂತ ಹುಡುಕಬೇಕು. ಝೂಮ್‌ನಲ್ಲಾದರೆ ಸೇರಿದ ಮೇಲೂ ಹೆಸರು ಬದಲಾಯಿಸಬಹುದು. ನಾನು ಒಬ್ಬೊಬ್ಬರ ಮನೆಗೂ ಹೋಗಿ ಅವರವರ ಹೆಸರಿನಲ್ಲೇ ಜಿಮೇಲ್ ಮಾಡಿಸಿದೆ. ಸ್ಕ್ರೀನ್ ಮೇಲೆ ತಮ್ಮ ಹೆಸರು ನೋಡಿದಾಗ ಅವರು ಕೂರುವ ರೀತಿಯೇ ಬೇರೆ.

ಕ್ಯಾಮೆರಾಗೆ ದೊಡ್ಡ ಸಿದ್ಧತೆ ಬೇಡ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ, ಎದುರಿಗಿರಲಿ. ರಾಗಿ ಡಬ್ಬಕ್ಕೆ ಫೋನ್ ಒರಗಿಸಿದರೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಸಿಗ್ನಲ್ ಸಾಲದಿದ್ದರೆ ಕ್ಯಾಮೆರಾ ಆಫ್ ಮಾಡುತ್ತೇನೆ, ದನಿಗೆ ಡೇಟಾ ಸ್ವಲ್ಪವೇ ಸಾಕು. ಆದರೆ ಹೇಳದೆ ಆಫ್ ಮಾಡುವುದಿಲ್ಲ. "ನೆಟ್‌ವರ್ಕ್ ಕಮ್ಮಿ ಇದೆ, ಕೇಳಿಸ್ಕೊಳ್ತಾ ಇದೀನಿ" ಅಂತ ಒಂದು ಮಾತು ಹೇಳುತ್ತೇನೆ.

ಝೂಮ್‌ನಲ್ಲಿ ದುಡ್ಡು ಕಟ್ಟದೆ ನಡೆಸುವ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಹಾಗಾಗಿ ಸಾಲದ ಅರ್ಜಿಗಳನ್ನು ಮೊದಲು ತೆಗೆದುಕೊಳ್ಳುತ್ತೇವೆ, ಸುತ್ತೋಲೆ ಓದುವುದು ಕೊನೆಗೆ. ಐದು ನಿಮಿಷ ಮುಂಚೆ ಸೇರಿ ಅಂತ ವಾಟ್ಸಾಪ್‌ನಲ್ಲಿ ಹೇಳಿರುತ್ತೇನೆ. ಬೆಳಿಗ್ಗೆ, ಸಾಯಂಕಾಲ ಡೇರಿಗೆ ಹಾಲು ಹಾಕುವ ಹೊತ್ತಿಗೆ ಮಾತ್ರ ಸಭೆ ಇಡಲೇಬಾರದು.

ಒಂದು ವಿಷಯದಲ್ಲಿ ನಾನು ಬಹಳ ಗಟ್ಟಿ. ಸ್ಕ್ರೀನ್ ಶೇರ್ ಮಾಡಿ ಲೆಕ್ಕ ತೋರಿಸುವಾಗ ಯಾರದು ಎಷ್ಟು ಬಾಕಿ ಅನ್ನುವ ಪಟ್ಟಿ ಕಾಣಬಾರದು. ಆ ಕಡೆ ಫೋನಿನ ಹಿಂದೆ ಮನೆಯವರು, ನೆಂಟರು ಯಾರು ಕೂತಿದ್ದಾರೋ ನಮಗೆ ಕಾಣಲ್ಲ ಅಲ್ವಾ? ಬಾಕಿ ಇರುವವರ ಹತ್ತಿರ ಬೇರೆಯಾಗಿ ಮಾತಾಡುತ್ತೇನೆ. ಕೇಳದೆ ಯಾರ ಮುಖದ ಸ್ಕ್ರೀನ್‌ಶಾಟನ್ನೂ ತೆಗೆಯುವುದಿಲ್ಲ.

ಇನ್ನು ಕಾಯುವುದು. "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಅಂತ ಕೇಳಿ ಮೊದಲೆಲ್ಲ ತಕ್ಷಣ ಮುಂದೆ ಹೋಗುತ್ತಿದ್ದೆ. ಮೈಕ್ ಗುರುತು ಹುಡುಕಿ, ಒತ್ತಿ, ಮಾತು ಕೂಡಿಸಿಕೊಳ್ಳಲು ಹೊತ್ತು ಬೇಕು. ಈಗ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ.

ಹಾಗೆ ಒಂದು ಸಭೆಯಲ್ಲಿ ಎಣಿಸುತ್ತಾ ಕೂತಿದ್ದೆ. ಎಂಟಕ್ಕೆ ಬಂದಾಗ ಆ ಅಕ್ಕನ ಮೈಕ್ ಆನ್ ಆಯಿತು. ಹೆಸರು ಹೇಳಿದರು, ಊರು ಹೇಳಿದರು. ಹೊಲಿಗೆ ಮಿಷನ್‌ಗೆ ಸಾಲ ಬೇಕು ಅಂದರು. ಉಳಿದೆಲ್ಲರ ಮೈಕೂ ಆಫ್ ಇತ್ತು. ಎಷ್ಟು ಬೇಕು ಅಕ್ಕ ಅಂತ ಕೇಳಿ ಬರೆದುಕೊಂಡೆ.