ಸೈಟು ಮಾರಿ ಫ್ಲ್ಯಾಟ್ ಕೊಂಡಾಗ ಬ್ರೋಕರುಗಳ ಜತೆ ನಡೆಸಿದ ವ್ಯವಹಾರ

1.18 ಕೋಟಿ ಹೇಳಿದ ಫ್ಲ್ಯಾಟು 1.08 ಕೋಟಿಗೆ ಇಳಿದರೆ ಕೊಳ್ಳುವವರಿಗೆ ಹತ್ತು ಲಕ್ಷ ಉಳಿತಾಯ, ಮಾರುವವರಿಗೆ ಹತ್ತು ಲಕ್ಷ ಖೋತಾ. ನಡುವೆ ನಿಂತ ಬ್ರೋಕರಿಗೆ? ಶೇಕಡಾ ಒಂದರ ಲೆಕ್ಕದಲ್ಲಿ ಒಂದು ಕಡೆಯಿಂದ ಹತ್ತು ಸಾವಿರ ಕಡಿಮೆ, ಎರಡೂ ಕಡೆ ಸೇರಿದರೆ ಇಪ್ಪತ್ತು ಸಾವಿರ. ಆದರೆ ಮಾತು ಮುರಿದುಬಿದ್ದರೆ ಕೈತಪ್ಪುವುದು ಎರಡು ಲಕ್ಷಕ್ಕೂ ಹೆಚ್ಚು. ಹಾಗಾಗಿ ಬ್ರೋಕರು ನಮ್ಮ ಪರವೂ ಅಲ್ಲ, ಎದುರು ಪಾರ್ಟಿಯ ಪರವೂ ಅಲ್ಲ. ವ್ಯವಹಾರ ಕುದುರಬೇಕು, ಅಷ್ಟೇ. ಯಾರು ಮೆತ್ತಗೆ ಕಾಣುತ್ತಾರೋ ಅವರನ್ನು ಒತ್ತುತ್ತಾರೆ. ಇದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ಅವರ ಲಾಭ ಎಲ್ಲಿದೆ ಎಂದು ತಿಳಿದುಕೊಂಡು ಕಮಿಷನ್ನಿನ ಮಾತನ್ನೇ ಬೇರೆ ರೀತಿ ಕಟ್ಟಬೇಕು. 2025ರಲ್ಲಿ ಬೆಂಗಳೂರಿನ ಉಲ್ಲಾಳ ಕಡೆಯ ನಮ್ಮ 20x30 ಅಡಿ ಸೈಟನ್ನು ಮಾರಿ, ಬನಶಂಕರಿ ಮೂರನೇ ಹಂತದಲ್ಲಿ ಹಳೆಯ ಫ್ಲ್ಯಾಟೊಂದನ್ನು ಕೊಂಡಾಗ ನಾನು ಮಾಡಿದ್ದು ಇದನ್ನೇ.

ಮೊದಲು ಮಾರಾಟದ ಕಥೆ. ಬ್ರೋಕರಿಗೆ ಫೋನ್ ಮಾಡುವ ಮುಂಚೆಯೇ ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಮಾಡಿಸಿ, ಇಸಿ (ಆಸ್ತಿಯ ಮೇಲಿನ ಋಣಭಾರದ ಪ್ರಮಾಣಪತ್ರ) ತೆಗೆಸಿ, ಆಸ್ತಿ ತೆರಿಗೆಯ ರಸೀದಿಗಳನ್ನು ಜೋಡಿಸಿ ಒಂದು ಫೈಲು ಸಿದ್ಧಪಡಿಸಿದ್ದೆ. ಇ-ಖಾತೆ ಇಲ್ಲದೆ ನಗರದಲ್ಲಿ ಈಗ ನೋಂದಣಿಯೇ ಆಗುವುದಿಲ್ಲ. ಅದು "ಬರುತ್ತಿದೆ" ಎಂದು ಹೇಳುವ ಮಾಲೀಕರಿಂದ ಕೊಳ್ಳುವವರು ಮೊದಲ ಮಾತಿಗೇ ಒಂದೆರಡು ಲಕ್ಷ ಕಿತ್ತುಕೊಳ್ಳುತ್ತಾರೆ. ನಮ್ಮದು ದಕ್ಷಿಣ ದಿಕ್ಕಿನ ಸೈಟು. ಅದನ್ನು ನಾನೇ ಮೊದಲು ಹೇಳಿಬಿಡುತ್ತಿದ್ದೆ, "ದಿಕ್ಕು ನೋಡುವವರನ್ನು ಕರೆತರಲೇಬೇಡಿ" ಎಂದು. ಕೊನೆಯ ಗಳಿಗೆಯಲ್ಲಿ ವಾಸ್ತುವಿನ ನೆಪ ತೆಗೆದು ಬೆಲೆ ಇಳಿಸುವ ಆಟಕ್ಕೆ ಅಲ್ಲಿಗೆ ತೆರೆ ಬಿತ್ತು.

ಬಂದ ಬ್ರೋಕರುಗಳಲ್ಲಿ ಒಬ್ಬರ ಮಾತು ತುಂಬ ಸಿಹಿಯಾಗಿತ್ತು. "ಮೇಡಂ, ನಿಮ್ಮ ಕೈಗೆ ನೆಟ್ ಎಷ್ಟು ಬರಬೇಕು ಹೇಳಿಬಿಡಿ. ನಿಮ್ಮಿಂದ ಒಂದು ರೂಪಾಯಿ ಕಮಿಷನ್ನೂ ಬೇಡ." ಐವತ್ತೈದು ಲಕ್ಷ ಎಂದು ನಾನು ಒಪ್ಪಿಕೊಂಡರೆ, ಅವರು ಐವತ್ತೊಂಬತ್ತಕ್ಕೆ ಮಾರಿ ಮೇಲಿನ ನಾಲ್ಕು ಲಕ್ಷವನ್ನು ಜೇಬಿಗೆ ಇಳಿಸುತ್ತಾರೆ. ಬಿಟ್ಟಿ ಸೇವೆ ಎಂದು ತೋರುವ ಇದು ಬೆಂಗಳೂರಿನ ಅತ್ಯಂತ ದುಬಾರಿ ಕಮಿಷನ್. ಅದು ಸಾಧ್ಯವಾಗುವುದು ಕೊಳ್ಳುವವರೂ ಮಾರುವವರೂ ಬೆಲೆಯ ವಿಷಯದಲ್ಲಿ ಮುಖಾಮುಖಿ ಕೂರದಿದ್ದಾಗ ಮಾತ್ರ. ಹಾಗಾಗಿ ಬೆಲೆಯ ಮಾತು ನನ್ನೆದುರೇ ನಡೆಯಬೇಕು ಎಂಬುದು ನನ್ನ ಮೊದಲ ಷರತ್ತು. ಅವರು ಮತ್ತೆ ಫೋನ್ ಮಾಡಲಿಲ್ಲ.

ಇನ್ನೊಬ್ಬರು ಶೇಕಡಾ ಎರಡು ಕೇಳಿದರು. ನಾನು ಹೀಗೆ ಹೇಳಿದೆ: 56 ಲಕ್ಷದವರೆಗೆ ಶೇಕಡಾ ಒಂದು, ಅದರ ಮೇಲೆ ಬರುವ ಪ್ರತಿ ಲಕ್ಷಕ್ಕೂ ಹತ್ತು ಸಾವಿರ. ಅವರು ಮೊಬೈಲಿನಲ್ಲೇ ಲೆಕ್ಕ ಹಾಕಿ ನೋಡಿದರು, ತಲೆಯಾಡಿಸಿದರು. ಅಲ್ಲಿಂದಾಚೆ "ಬಿಟ್ಟುಬಿಡಿ ಮೇಡಂ, ಒಳ್ಳೆಯ ಪಾರ್ಟಿ" ಎಂಬ ರಾಗವೇ ಬದಲಾಯಿತು. ಕೊಳ್ಳಲು ಬಂದವರಿಗೆ ಪಕ್ಕದ ರಸ್ತೆಯಲ್ಲಿ ಯಾವ ಸೈಟು ಎಷ್ಟಕ್ಕೆ ಹೋಯಿತು ಎಂದು ಅವರೇ ವಿವರಿಸತೊಡಗಿದರು. ಸೈಟು 59ಕ್ಕೆ ಹೋಯಿತು, ಅವರಿಗೆ 86 ಸಾವಿರ ಸಂದಿತು. ಮೊತ್ತ 50 ಲಕ್ಷ ದಾಟಿದ್ದರಿಂದ ಕೊಂಡವರು ಶೇಕಡಾ ಒಂದರಷ್ಟು ಟಿಡಿಎಸ್ (ಸರ್ಕಾರಕ್ಕೆ ಕಟ್ಟಲು ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು.

ಕೊಳ್ಳುವಾಗಿನ ಲೆಕ್ಕ ತಿರುಗುಮುರುಗು. ಇಲ್ಲಿ ಬೆಲೆ ಇಳಿದಷ್ಟೂ ಬ್ರೋಕರಿನ ಕಮಿಷನ್ ಇಳಿಯುತ್ತದೆ, ಮೇಲಾಗಿ ಅದೇ ವ್ಯಕ್ತಿ ಮಾರುವವರಿಂದಲೂ ಪಡೆಯುತ್ತಾರೆ. ಬನಶಂಕರಿಯ ಬ್ರೋಕರಿಗೆ ನಾನು ಶೇಕಡಾವಾರಿನ ಮಾತೇ ಬೇಡ ಎಂದೆ: ಬೆಲೆ ಎಷ್ಟಕ್ಕೇ ನಿಲ್ಲಲಿ, ನನ್ನಿಂದ 1.10 ಲಕ್ಷ. ಕಾಲು ಭಾಗ ಕರಾರಿನ ದಿನ, ಉಳಿದದ್ದು ನೋಂದಣಿ ಮುಗಿದ ಮೇಲೆ, ಎರಡೂ ಬ್ಯಾಂಕ್ ಮೂಲಕ. ಕರಾರಿನ ದಿನವೇ ಪೂರ್ತಿ ಬೇಕು ಎಂದು ಗೊಣಗಿದರು. ಆದರೆ ಬೆಲೆ ಇಳಿದರೂ ತಮ್ಮ ಪಾಲು ಇಳಿಯುವುದಿಲ್ಲ ಎನ್ನುವುದು ಅವರಿಗೆ ಹಿಡಿಸಿತು. ಇಷ್ಟನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಅವರಿಂದ "ಓಕೆ" ಪಡೆದೆ. ಜತೆಗೊಂದು ಸಾಲು: "ನೀವು ಯಾರ ಜತೆ ಹಂಚಿಕೊಂಡರೂ ಸರಿ, ನನ್ನ ಕಡೆಯಿಂದ ಹಣ ನಿಮಗೊಬ್ಬರಿಗೇ." ಬೆಂಗಳೂರಿನಲ್ಲಿ ಒಂದು ಮನೆಯ ಹಿಂದೆ ಮೂರು ನಾಲ್ಕು ಬ್ರೋಕರುಗಳ ಸರಪಳಿ ಇರುತ್ತದೆ. ಬೀಗದ ಕೈ ಒಬ್ಬರ ಹತ್ತಿರ, ಮಾಲೀಕರ ನಂಬರು ಇನ್ನೊಬ್ಬರ ಹತ್ತಿರ, ಗಿರಾಕಿ ಮತ್ತೊಬ್ಬರ ಕಡೆಯವರು.

ಹುಡುಕಾಟದ ಹೊತ್ತಿನಲ್ಲಿ ಕೆಲವರು ಹಳೆಯ ಫ್ಲ್ಯಾಟು ತೋರಿಸುತ್ತೇನೆಂದು ಕರೆದು ಹೊಸ ಪ್ರಾಜೆಕ್ಟಿನ ಮಾದರಿ ಮನೆಗೆ ಕರೆದೊಯ್ಯಲು ಹಟ ಹಿಡಿಯುತ್ತಿದ್ದರು. ಅಲ್ಲಿ ಕಮಿಷನ್ ಕೊಡುವುದು ಬಿಲ್ಡರ್. ಕೊಳ್ಳುವವರು ಏನೂ ಕೊಡಬೇಕಿಲ್ಲ ಎಂದು ಅವರೇ ಹೆಮ್ಮೆಯಿಂದ ಹೇಳುತ್ತಾರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಪ್ರಾಜೆಕ್ಟಿನ ಮನೆ ಮಾರಿಸುವ ಏಜೆಂಟರು ತಾವೂ ರೇರಾದಲ್ಲಿ ನೋಂದಾಯಿಸಿಕೊಂಡಿರಬೇಕು. ನಂಬರು ಕೇಳಿದಾಗ ಕೆಲವರು ಮಾತು ಬದಲಿಸಿದರು, ನಾನು ದಾರಿ ಬದಲಿಸಿದೆ.

"ನಿಮ್ಮ ಬಜೆಟ್ ಎಷ್ಟು ಮೇಡಂ?" ಎಂಬ ಪ್ರಶ್ನೆಗೆ ಯಾವತ್ತೂ ನಿಜವಾದ ಗರಿಷ್ಠ ಮೊತ್ತ ಹೇಳಬಾರದು. ಕಾರಿನಲ್ಲಿ ಪಕ್ಕದಲ್ಲಿ ಕೂತು ಮನೆಯವರ ಜತೆ ಫೋನಿನಲ್ಲಿ ಮಾತಾಡುವಾಗಲೂ ಬಾಯಿ ಬಿಡಬಾರದು. ಅದರ ಬದಲು ನಾನು ಬ್ರೋಕರಿಗೆ ಕೇಳುತ್ತಿದ್ದುದು ಒಂದೇ: ಇವರು ಯಾಕೆ ಮಾರುತ್ತಿದ್ದಾರೆ? ಆ ವಿಷಯದಲ್ಲಿ ಬ್ರೋಕರುಗಳಷ್ಟು ಬಲ್ಲವರು ಬೇರೆ ಇಲ್ಲ. ಮಾಲೀಕರು ಮೈಸೂರಿನ ಮಗನ ಮನೆಗೆ ಹೋಗುತ್ತಿದ್ದಾರೆ, ಸಾಲ ಇಲ್ಲ, ಹಣದ ಅವಸರವೂ ಇಲ್ಲ, ಹಿಂದೊಬ್ಬರು ಟೋಕನ್ ಕೊಟ್ಟು ಕೈಕೊಟ್ಟಿದ್ದರಿಂದ ಬೇಸತ್ತಿದ್ದಾರೆ ಎಂದು ತಿಳಿಯಿತು. ಅಂಥವರ ಮುಂದೆ ಬರಿಯ ಅಂಕಿ ಇಟ್ಟರೆ ನಡೆಯುವುದಿಲ್ಲ.

ಆಷಾಢದಲ್ಲಿ ಮನೆ ನೋಡಲು ಬರುವವರೇ ಕಡಿಮೆ. ನಾನು ಹೋದದ್ದು ಆಗಲೇ. ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡು ಹೋಗಿದ್ದೆ: 1.05 ಕೋಟಿ, ಶ್ರಾವಣ ಹುಟ್ಟಿದ ವಾರ ಕರಾರು, ಅಂದೇ ಹತ್ತು ಲಕ್ಷ ಮುಂಗಡ, ವಕೀಲರು ಪತ್ರಗಳನ್ನು ನೋಡಿ ಬೇಡವೆಂದರೆ ಮುಂಗಡ ವಾಪಸು, ಉಳಿದದ್ದು ನೋಂದಣಿಯ ದಿನ. ಕೆಳಗೆ ಬ್ಯಾಂಕಿನ ಸಾಲ ಮಂಜೂರಾತಿ ಪತ್ರದ ಪ್ರತಿ. ಫ್ಲ್ಯಾಟಿನ ಯಜಮಾನರು ಕನ್ನಡಕ ಹಾಕಿಕೊಂಡು ಆ ಮಂಜೂರಾತಿ ಪತ್ರವನ್ನೇ ಎರಡು ಸಲ ಓದಿದರು, ನನ್ನ ಅಂಕಿಯ ಕಡೆ ಆಮೇಲೆ ಬಂದರು. "ಇಷ್ಟಕ್ಕೆ ಆಗುವುದಿಲ್ಲಮ್ಮ, 1.15ಕ್ಕೆ ಕೊನೆ" ಎಂದರು. ಬ್ರೋಕರು ತಕ್ಷಣ "ಮಧ್ಯಕ್ಕೆ ಬನ್ನಿ, 1.10 ಮಾಡಿ ಮುಗಿಸಿಬಿಡೋಣ" ಎಂದರು. ನಾನು ಸುಮ್ಮನೆ ಕೂತೆ.

ಆಗ ಒಳಗಿಂದ ಯಜಮಾನರ ಹೆಂಡತಿ ಬಂದು ಕೂತರು. ಅವರಿಗೆ ಬೆಲೆಗಿಂತ ಬೇರೆಯದೇ ಚಿಂತೆ. "ನೋಡಮ್ಮ, ದೇವರ ಮಂಟಪ ನಮ್ಮತ್ತೆಯವರ ಕಾಲದ್ದು. ಇವರು ಜಾಹೀರಾತಿನಲ್ಲಿ ಎಲ್ಲ ಸೇರಿಸಿ ಮಾರುತ್ತೇವೆ ಎಂದು ಹಾಕಿಬಿಟ್ಟಿದ್ದಾರೆ." ಬ್ರೋಕರು ಮೊಬೈಲು ನೋಡತೊಡಗಿದರು. "ಮತ್ತೆ ಈ ಸಲದ ದಸರಾ ಗೊಂಬೆ ಇಲ್ಲೇ ಕೂರಿಸಿ ಹೋಗಬೇಕು ಎಂದು ನನಗಿದೆ." ಸಾಗುವಾನಿಯ ಮಂಟಪ, ಹಜಾರದ ತೂಗುಮಂಚ ಎರಡನ್ನೂ ನೀವೇ ಒಯ್ಯಿರಿ, ನೋಂದಣಿಯನ್ನು ದಸರಾ ಆದ ಮೇಲೆ ಇಟ್ಟುಕೊಳ್ಳೋಣ ಎಂದು ಹಾಳೆಯ ಮೇಲೆಯೇ ಪೆನ್ನಿನಲ್ಲಿ ಬರೆದೆ. ಬಾಡಿಗೆ ಮನೆಯಲ್ಲಿದ್ದ ನನಗೆ ಎರಡು ತಿಂಗಳು ಹೆಚ್ಚು ಕಾಯುವುದು ಕಷ್ಟವಲ್ಲ. ಬೆಲೆಯನ್ನು 1.08ಕ್ಕೆ ಏರಿಸಿದೆ. ಯಜಮಾನರು ಹೆಂಡತಿಯ ಮುಖ ನೋಡಿದರು, ಮಾತು ಮುಗಿಯಿತು.

ಮೆಟ್ಟಿಲಿಳಿಯುವಾಗ ಬ್ರೋಕರು ಹತ್ತಿರ ಬಂದು, ಗೈಡೆನ್ಸ್ ವ್ಯಾಲ್ಯೂಗೆ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ಕ್ರಯಪತ್ರ ಮಾಡಿಸಿ ಉಳಿದದ್ದನ್ನು ಕ್ಯಾಶ್ ಕೊಟ್ಟರೆ ಸ್ಟ್ಯಾಂಪ್ ಡ್ಯೂಟಿ ಉಳಿಯುತ್ತದೆ ಎಂದರು. ನೀತಿಯ ಮಾತು ಹಾಗಿರಲಿ, ನನಗೆ ಅದು ನಷ್ಟದ ವ್ಯಾಪಾರ. ಸೈಟು ಮಾರಿದ ಹಣವನ್ನು ಮನೆಗೆ ಹಾಕಿದ್ದೇನೆ ಎಂದು ಆದಾಯ ತೆರಿಗೆ ಕಾಯ್ದೆಯ 54ಎಫ್ ಅಡಿ ವಿನಾಯಿತಿ ಕೇಳುವವಳು ನಾನು; ಪತ್ರದಲ್ಲಿ ಕಾಣದ ಹಣಕ್ಕೆ ವಿನಾಯಿತಿ ಎಲ್ಲಿಂದ ಬರುತ್ತದೆ? ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂದು ಯಜಮಾನರಿಗೂ ಹೇಳಿದೆ. ಅವರು ನಿವೃತ್ತ ಬ್ಯಾಂಕ್ ನೌಕರರು, ನನಗಿಂತ ಚೆನ್ನಾಗಿ ಗೊತ್ತಿತ್ತು.

ದಸರಾಕ್ಕೆ ಮುಂದೂಡಿದ್ದಕ್ಕೆ ಬೆಲೆ ತೆರಬೇಕಾಗಿ ಬಂದದ್ದು ಬೇರೆ ಕಡೆಯಿಂದ. ಆಗಸ್ಟ್ 31ರಿಂದ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಏರಿಸಿತು. ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್ಚಾರ್ಜ್ ಸೇರಿ 6.6 ಇದ್ದದ್ದು 7.6 ಆಯಿತು, ನನ್ನ ಮೇಲೆ 1.08 ಲಕ್ಷದ ಹೊರೆ. ನೋಂದಣಿ ವೆಚ್ಚವೆಲ್ಲ ಕೊಳ್ಳುವವರದು ಎಂದು ಕರಾರಿನಲ್ಲಿತ್ತು, ಆದ್ದರಿಂದ ಯಜಮಾನರ ಹತ್ತಿರ ಆ ಮಾತೆತ್ತಲಿಲ್ಲ. ಬ್ರೋಕರಿನ ಹತ್ತಿರ ಎತ್ತಿದೆ. "ಸರ್ಕಾರ ತೆಗೆದುಕೊಂಡದ್ದನ್ನು ನನ್ನಿಂದ ವಸೂಲಿ ಮಾಡುತ್ತೀರಾ ಮೇಡಂ?" ಎಂದರು. ನ್ಯಾಯವಾದ ಪ್ರಶ್ನೆಯೇ.

ನೋಂದಣಿಯ ದಿನ ಉಪನೋಂದಣಾಧಿಕಾರಿ ಕಚೇರಿಯ ಹೊರಗೆ, ನಾನು ಅಲ್ಲಿಯವರೆಗೆ ಮುಖವನ್ನೇ ನೋಡಿರದ ಒಬ್ಬರು ಬಂದು ನಿಂತರು. ಫ್ಲ್ಯಾಟನ್ನು ಮೊದಲು ತೋರಿಸಿದ್ದು ತಮ್ಮ ಹುಡುಗ, ತಮಗೂ ಅರ್ಧ ಪರ್ಸೆಂಟ್ ಬರಬೇಕು ಎಂದರು. ನಾನು ವಾಟ್ಸ್ಆ್ಯಪ್ ಸಂದೇಶ ತೆಗೆದು ತೋರಿಸಿ, ನಮ್ಮ ಬ್ರೋಕರಿನ ಕಡೆ ಕೈ ಮಾಡಿದೆ. ಇಬ್ಬರೂ ಟೀ ಅಂಗಡಿಯ ಕಡೆ ಹೋಗಿ ತುಂಬ ಹೊತ್ತು ವಾದಿಸಿದರು. ಉಳಿದ 82,500 ರೂಪಾಯಿಯನ್ನು ಅಂದೇ ಸಂಜೆ ನಮ್ಮ ಬ್ರೋಕರಿನ ಖಾತೆಗೆ ಹಾಕಿದೆ. ಅವರವರ ನಡುವೆ ಎಷ್ಟು ಹಂಚಿಕೆಯಾಯಿತೋ ನಾನು ಕೇಳಲಿಲ್ಲ.