ಬಂಡೆ ಅಂಚಿಗೆ ತೂಗಿದ ಒತ್ತಕ್ಷರ

3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಮೊದಲ ಸಲ ನಮ್ಮೂರ ಹೆಸರು ಟೈಪ್ ಮಾಡಿದಾಗ ಪರದೆ ಮೇಲೆ ಬಂದದ್ದು 'ಚಿತ್‌ರದುರ್‌ಗ'. ಗುಡಿಸು ಒಂದು ಕಡೆ, ಕೊಂಬು ಇನ್ನೊಂದು ಕಡೆ. ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೂ ನಿದ್ದೆ ಬರಲಿಲ್ಲ.

ನಾನು ಚಿತ್ರದುರ್ಗದವನು. ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ ಆದ ಮೇಲೆ ಎರಡು ಗಂಟೆ ಗ್ರಾಫಿಕ್ಸ್ ಕಲಿಯುತ್ತೇನೆ. ಆಸೆ ಇದ್ದದ್ದು ಇಷ್ಟೇ. ಕೋಟೆಯ ಒಂದು ವಿಡಿಯೊ ತೆಗೆಯಬೇಕು, ಅದರೊಳಗೆ ಬಂಡೆ ಮೇಲೆ ಊರ ಹೆಸರು ಕಲ್ಲಿನ ಅಕ್ಷರದಲ್ಲಿ ನಿಂತಿರಬೇಕು. ನೋಡುವವರು ನಡೆದಂತೆ ಅಕ್ಷರವೂ ಬಂಡೆ ಜೊತೆಗೇ ತಿರುಗಬೇಕು.

ಅಕ್ಷರ ಒಡೆದದ್ದಕ್ಕೆ ಕಾರಣ ಸರಳ. 'ರ್ಗ' ಬರೆಯಲು ನಾವು ಮೊದಲು ರ, ಆಮೇಲೆ ಗ ಒತ್ತುತ್ತೇವೆ. ಆದರೆ ಕಾಣುವಾಗ ಗ ಮೊದಲು, ಅರ್ಕಾವತ್ತು ಆಮೇಲೆ. ಈ ಅದಲುಬದಲನ್ನು ಸಾಫ್ಟ್‌ವೇರ್ ಮಾಡಬೇಕು. ನಾನು ಬಳಸಿದ ಬ್ಲೆಂಡರ್ ಆವೃತ್ತಿ ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಜೋಡಿಸಿಬಿಡುತ್ತಿತ್ತು. ದಾವಣಗೆರೆಯ ಗೆಳೆಯನಿಗೆ ಇಷ್ಟು ಕಷ್ಟ ಆಗಿರಲಿಲ್ಲ. 'ದಾವಣಗೆರೆ'ಯಲ್ಲಿ ಒಂದೂ ಒತ್ತಕ್ಷರ ಇಲ್ಲವಲ್ಲ! ಏತ್ವ ಸ್ವಲ್ಪ ಸರಿದಿದ್ದರೂ ಓದಲು ಬರುತ್ತಿತ್ತು.

ಮದುವೆ ವಿಡಿಯೊ ಮಾಡುವ ಹಿರಿಯರೊಬ್ಬರು ಹಳೇ ನುಡಿ ಫಾಂಟ್ ಹಾಕಿ ನೋಡು ಅಂದರು. ಅದರಲ್ಲಿ ಒತ್ತುಗಳೇ ಬೇರೆ ಅಕ್ಷರಗಳಾಗಿ ಕೂತಿರುತ್ತವೆ, ಹಾಗಾಗಿ ಹೆಸರು ಸರಿಯಾಗಿ ಬಂತು. ಆದರೆ ನನಗೆ ಬೇಕಿದ್ದ ದಪ್ಪ, ದುಂಡನೆಯ ಫಾಂಟ್ ಯೂನಿಕೋಡ್‌ನದು, ಅದರಲ್ಲಿ ಒತ್ತನ್ನು ಸಾಫ್ಟ್‌ವೇರೇ ಜೋಡಿಸಬೇಕು. ಕೊನೆಗೆ ಗೆರೆಚಿತ್ರ ಬರೆಯುವ ಇಂಕ್‌ಸ್ಕೇಪ್ ಸಾಫ್ಟ್‌ವೇರ್ ಕೈ ಹಿಡಿಯಿತು. ಅದು ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಅಲ್ಲಿ ಹೆಸರು ಬರೆದು, 'ಆಬ್ಜೆಕ್ಟ್ ಟು ಪಾತ್' ಒತ್ತಿದರೆ ಅಕ್ಷರ ಬರೀ ಗೆರೆಯಾಗುತ್ತದೆ. ಅದನ್ನು ಎಸ್‌ವಿಜಿ ಅನ್ನುವ ಗೆರೆಚಿತ್ರದ ಫೈಲಾಗಿ ಉಳಿಸಿ ಬ್ಲೆಂಡರ್‌ಗೆ ತಂದೆ. ಒಳಗೆ ಬಂದಾಗ ಸಾಸಿವೆಯಷ್ಟು ಚಿಕ್ಕದಾಗಿ ಕಾಣುತ್ತದೆ, ಏನೂ ಬಂದಿಲ್ಲ ಅಂದುಕೊಳ್ಳಬೇಡಿ, ದೊಡ್ಡದು ಮಾಡಿ. ಇನ್ನೊಂದು ಮಾತು. ದ ಮತ್ತು ಅದರ ಕೊಂಬು ಒಂದರ ಮೇಲೊಂದು ಹತ್ತಿಕೊಂಡಿದ್ದ ಕಡೆ ನನಗೆ ತೂತು ಬಿತ್ತು. ಇಂಕ್‌ಸ್ಕೇಪ್‌ನಲ್ಲೇ 'ಯೂನಿಯನ್' ಮಾಡಿ ಬೆಸೆದ ಮೇಲೆ ಸರಿಹೋಯಿತು.

ಜನವರಿಯ ಒಂದು ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಕೋಟೆ ಹತ್ತಿದೆ. ಗೋಪಾಲಸ್ವಾಮಿ ಹೊಂಡದ ಹತ್ತಿರ ಒಂದು ಬಂಡೆ ಆರಿಸಿಕೊಂಡೆವು. ಮೊಬೈಲ್ ಕೈಯಲ್ಲಿ ಹಿಡಿದು, ನಿಂತಲ್ಲೇ ತಿರುಗಿ ಹತ್ತು ಸೆಕೆಂಡ್ ತೆಗೆದೆ. ಮನೆಗೆ ಬಂದು ಟ್ರ್ಯಾಕಿಂಗ್‌ಗೆ, ಅಂದರೆ ವಿಡಿಯೊದಲ್ಲಿನ ಗುರುತುಗಳು ಸರಿಯುವುದನ್ನು ನೋಡಿ ಮೊಬೈಲ್ ಹೇಗೆ ಚಲಿಸಿತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುವ ಕೆಲಸಕ್ಕೆ, ಹಾಕಿದರೆ ಬಂಡೆಯ ಆಳವೇ ಸಿಗಲಿಲ್ಲ.

ಏಕೆ ಅಂತ ಬಸ್ಸಿನಲ್ಲಿ ದಾವಣಗೆರೆಗೆ ಹೋಗುವಾಗ ಹೊಳೆಯಿತು. ಕಿಟಕಿ ಪಕ್ಕದ ಮರ ಸರ್ರನೆ ಹಿಂದೆ ಓಡುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರ ನಿಧಾನವಾಗಿ ಸರಿಯುತ್ತದೆ. ಯಾವುದು ಹತ್ತಿರ, ಯಾವುದು ದೂರ ಅಂತ ಸಾಫ್ಟ್‌ವೇರ್ ತಿಳಿಯುವುದೂ ಹೀಗೆಯೇ. ನಾನು ನಿಂತಲ್ಲೇ ತಿರುಗಿದರೆ ಎಲ್ಲವೂ ಒಟ್ಟಿಗೇ ಸರಿಯುತ್ತವೆ, ಅದಕ್ಕೆ ಸುಳಿವೇ ಸಿಗುವುದಿಲ್ಲ. ನಡೆಯಬೇಕು.

ಮುಂದಿನ ಭಾನುವಾರ ಮತ್ತೆ ಹೋಗಿ, ಬಂಡೆಯ ಪಕ್ಕಕ್ಕೆ ಆರೇಳು ಹೆಜ್ಜೆ ನಡೆಯುತ್ತಾ ತೆಗೆದೆ. ಮೊಬೈಲಿನ ನಡುಕ ತಡೆಯುವ ಸೆಟ್ಟಿಂಗ್ ಬಂದ್ ಮಾಡಿದ್ದೆ. ಅದು ವಿಡಿಯೊದ ಪ್ರತಿ ಫ್ರೇಮನ್ನೂ, ಅಂದರೆ ಒಂದೊಂದು ಚಿತ್ರವನ್ನೂ, ಬೇರೆ ಬೇರೆ ಕಡೆ ಕತ್ತರಿಸುವುದರಿಂದ ಲೆಕ್ಕ ತಪ್ಪುತ್ತದೆ. ನಮ್ಮ ಬಂಡೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮಳೆ ನೀರು ಇಳಿದ ಕಪ್ಪು ಗೆರೆ, ಬಿಳಿ ಕಲೆ, ಸೀಳು, ಎಲ್ಲೆಲ್ಲೂ ಗುರುತು. ಕನಿಷ್ಠ 8 ಗುರುತು ಬೇಕು, ನಾನು 30 ಇಟ್ಟೆ. ಆದರೂ ಸಾಫ್ಟ್‌ವೇರ್ ಲೆಕ್ಕ ಹಾಕಿದ ಜಾಗಕ್ಕೂ ಗುರುತು ಇದ್ದ ಜಾಗಕ್ಕೂ ನಡುವಿನ ತಪ್ಪು 4 ಪಿಕ್ಸೆಲ್ ದಾಟಿತ್ತು.

"ಮಾಮಾ, ಅಕ್ಷರ ಜಾರ್ತಾ ಇದೆ ನೋಡು" ಅಂದ ಹುಡುಗ. ಅವನೇ ಕಾರಣವನ್ನೂ ಹುಡುಕಿದ. ನಾಲ್ಕು ಗುರುತು ಬಂಡೆ ಸೀಳಿನಲ್ಲಿ ಬೆಳೆದ ಗಿಡದ ಎಲೆ ಮೇಲಿದ್ದವು. ದುರ್ಗದ ಗಾಳಿಗೆ ಎಲೆ ಸುಮ್ನೆ ಇರುತ್ತದಾ? ಅವನ್ನು ಅಳಿಸಿದೆ. ಮೊಬೈಲ್ ವಿಡಿಯೊದ ಫ್ರೇಮ್ ವೇಗ ಏರಿಳಿಯುತ್ತಿತ್ತು, ಅದನ್ನು ವಿಡಿಯೊ ಬದಲಿಸುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್‌ನಲ್ಲಿ ಸೆಕೆಂಡಿಗೆ 30ಕ್ಕೆ ಕಟ್ಟಿಹಾಕಿದೆ. ತಪ್ಪು 0.6ಕ್ಕೆ ಇಳಿಯಿತು. ಅಕ್ಷರ ಬಂಡೆಗೆ ಅಂಟಿಕೊಂಡು ನಿಂತಿತು.

ಅಕ್ಷರದ ನೆರಳು ಕೋಟೆಯ ಬಿಸಿಲಿಗೆ ಹೊಂದಬೇಕಿತ್ತು, ಅದನ್ನು ಅಳೆಯಲು ಒಂದು ಅಡಿಯ ಶಾಲೆ ಸ್ಕೇಲ್ ಸಾಕಾಯಿತು. ಬಂಡೆ ಮೇಲೆ ನೆಟ್ಟಗೆ ಹಿಡಿಸಿದಾಗ, ಬೆಳಗ್ಗೆ ಒಂಬತ್ತರ ಹೊತ್ತಿಗೆ ನೆರಳು ಎರಡು ಅಡಿ ಇತ್ತು. ಅಂದರೆ ಸೂರ್ಯ ಸುಮಾರು 27 ಡಿಗ್ರಿ ಮೇಲಿದ್ದಾನೆ. ನೆರಳು ಬಿದ್ದ ದಿಕ್ಕೂ ವಿಡಿಯೊದಲ್ಲೇ ಇತ್ತು. ಬ್ಲೆಂಡರ್‌ನಲ್ಲಿ ಬೆಳಕು ಕೊಡುವ ಸೂರ್ಯನನ್ನು ಹಾಗೇ ತಿರುಗಿಸಿದೆ.

ಇಷ್ಟಾದ ಮೇಲೆ ಎದುರಾದದ್ದು ನಾನು ಯೋಚಿಸಿಯೇ ಇರದ ತೊಡಕು. ಇಂಗ್ಲಿಷಿನ ದೊಡ್ಡ ಅಕ್ಷರ ನೆಲದ ಮೇಲೆ ನೇರ ನಿಲ್ಲುತ್ತದೆ. ನಮ್ಮ 'ತ್ರ'ದ ಒತ್ತು ಗೆರೆಯ ಕೆಳಗೆ ಇಳಿಯುತ್ತದೆ. ಹೆಸರನ್ನು ಬಂಡೆ ಮೇಲೆ ಕೂರಿಸಿದರೆ ಒತ್ತು ಕಲ್ಲಿನೊಳಗೆ ಹೂತುಹೋಗುತ್ತದೆ. ಮೇಲೆತ್ತಿದರೆ ಉಳಿದ ಅಕ್ಷರ ಗಾಳಿಯಲ್ಲಿ ತೇಲುತ್ತವೆ. ಒತ್ತನ್ನು ಚಿಕ್ಕದು ಮಾಡಿ ಮೇಲೆ ಸೇರಿಸಲು ನನಗೆ ಮನಸ್ಸು ಒಪ್ಪಲಿಲ್ಲ. ಅದು ಅಕ್ಷರಕ್ಕೆ ಮಾಡುವ ಅನ್ಯಾಯ. ನಾಲ್ಕು ದಿನ ಬಿಟ್ಟು, ಹೆಸರನ್ನು ಬಂಡೆಯ ಅಂಚಿಗೆ ಎಳೆದು ತಂದೆ. ಒತ್ತನ್ನು ಮಾತ್ರ ಬೇರೆ ಮಾಡಿ, ಬೆರಳಷ್ಟು ಮುಂದೆ ಸರಿಸಿದೆ. ಅದು ಅಂಚಿನಿಂದ ಕೆಳಗೆ ತೂಗಿತು, ಅಟ್ಟದಿಂದ ಕಾಲು ಇಳಿಬಿಟ್ಟ ಮಗುವಿನ ಹಾಗೆ. ತಾನು ಕಾಣದೆ ಅಕ್ಷರದ ನೆರಳನ್ನು ಮಾತ್ರ ಹಿಡಿಯುವ ಹಾಳೆಯನ್ನೂ ಬ್ಲೆಂಡರ್‌ನಲ್ಲಿ ಬಂಡೆಯ ತಲೆಗೊಂದು, ಮುಖಕ್ಕೊಂದು ಇಟ್ಟೆ.

ರೆಂಡರ್‌ಗೆ, ಅಂದರೆ ಕಂಪ್ಯೂಟರ್ ಒಂದೊಂದೇ ಫ್ರೇಮಿನ ಚಿತ್ರ ಬರೆದು ಮುಗಿಸುವ ಕೆಲಸಕ್ಕೆ, ಹಾಕಿದೆ. 10 ಸೆಕೆಂಡಿಗೆ 300 ಫ್ರೇಮ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಒಂದಕ್ಕೆ 3 ನಿಮಿಷ. ಒಟ್ಟು 15 ಗಂಟೆ. ಮೊದಲ ಸಲ ನೇರ ವಿಡಿಯೊ ಫೈಲಿಗೇ ಹಾಕಿದ್ದೆ. ನಡುರಾತ್ರಿ ಕರೆಂಟ್ ಹೋಗಿ, ಬ್ಯಾಟರಿಯೂ ಮುಗಿದು ಎಲ್ಲ ಹಾಳಾಯಿತು. ಈಗ ಪ್ರತಿ ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ಉಳಿಸುತ್ತೇನೆ. 212 ಮುಗಿದ ಮೇಲೆ ಕರೆಂಟ್ ಹೋದರೆ 213ರಿಂದ ಮತ್ತೆ ಶುರು. ಕೊನೆಗೆ ಚಿತ್ರಗಳನ್ನು ಕೆಡೆನ್‌ಲೈವ್ ಅನ್ನುವ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸಾಲಾಗಿ ಜೋಡಿಸಿ, ಗಾಳಿಯ ಗದ್ದಲ ಇದ್ದ ಸದ್ದು ತೆಗೆದುಹಾಕಿದೆ. ಬಳಸಿದ ಸಾಫ್ಟ್‌ವೇರ್ ಎಲ್ಲವೂ ಉಚಿತ. ಬ್ಲೆಂಡರ್ ಅಂತೂ 2002ರಿಂದಲೂ ಮುಕ್ತ ತಂತ್ರಾಂಶ.

ಅಮ್ಮನಿಗೆ ತೋರಿಸಿದಾಗ ಅವರ ಮುಖ ಸಪ್ಪಗಾಯಿತು. "ಯಾರಪ್ಪಾ ಇದು, ಕೋಟೆ ಕಲ್ಲಿನ ಮೇಲೆ ಹೀಗೆ ಮಾಡಿರೋದು?" ಅಂದರು. ಜನ ಹೆಸರು ಕೆತ್ತಿ ಗೋಡೆ ಹಾಳು ಮಾಡುವುದನ್ನು ಕಂಡರೆ ಅವರಿಗೆ ಮೊದಲಿಂದಲೂ ಸಂಕಟ. ಕಲ್ಲಿಗೆ ಯಾರೂ ಕೈ ಮುಟ್ಟಿಸಿಲ್ಲ, ಇದೆಲ್ಲ ಕಂಪ್ಯೂಟರ್‌ನಲ್ಲೇ ಇರೋದು ಅಂತ ಹೇಳಿದೆ. ಕನ್ನಡಕ ತರಿಸಿಕೊಂಡು ಇನ್ನೊಂದು ಸಲ ಹಾಕು ಅಂದರು. ಆ ಸಲ ಒತ್ತಿನ ನೆರಳು ಬಂಡೆ ಮುಖದ ಮೇಲೆ ಸರಿಯುವ ಕಡೆ ಬೆರಳು ಇಟ್ಟು ನಿಲ್ಲಿಸಿದರು.